ಮನೆ ಆರೈಕೆ: ಏಜೆನ್ಸಿಗೆ ಫೋನ್ ಮಾಡುವ ಮುನ್ನ

ಹಿರಿಯರಿಗೆ, ವಿಕಲಚೇತನರಿಗೆ ಮನೆಯಲ್ಲೇ ಆರೈಕೆಯವರನ್ನು ಗೊತ್ತುಮಾಡುವ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಎತ್ತಿಕೊಂಡಿದ್ದೇವೆ. ‘ಒಳ್ಳೆಯ ಏಜೆನ್ಸಿ ಯಾವುದು, ಹೆಸರು ಹೇಳಿ’ ಎಂದವರೇ ಹೆಚ್ಚು. ಹೆಸರು ಹೇಳುವುದಿಲ್ಲ. ಒಂದೇ ಏಜೆನ್ಸಿ ನಿಮ್ಮ ಮನೆಗೆ ಕೈಪಳಗಿದವರನ್ನು ಕಳಿಸಿ, ಪಕ್ಕದ ಬೀದಿಗೆ ನಿನ್ನೆ ಸೇರಿದವರನ್ನು ಕಳಿಸುವುದುಂಟು. ಬರುವ ವ್ಯಕ್ತಿ ಯಾರು, ಅವರು ಬಾರದ ದಿನ ಯಾರು ಬರುತ್ತಾರೆ, ಅವರ ಕೆಲಸ ನೋಡುವವರು ಯಾರು ಎಂಬ ಮೂರು ಪ್ರಶ್ನೆಗೆ ಸಿಗುವ ಉತ್ತರ ಬೋರ್ಡಿನ ಮೇಲಿನ ಹೆಸರಿಗಿಂತ ಮುಖ್ಯ.

ಪ್ರಶ್ನೆ: ಅಮ್ಮನಿಗೆ 76 ವರ್ಷ. ಪಾರ್ಶ್ವವಾಯು ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದೆ. ಮೂಗಿನಲ್ಲಿ ಊಟದ ಟ್ಯೂಬ್ ಇದೆ, ಮೂತ್ರಕ್ಕೆ ಕ್ಯಾಥೆಟರ್ ಇದೆ. ಮುಂದಿನ ವಾರ ಡಿಸ್ಚಾರ್ಜ್. ಒಂದು ಏಜೆನ್ಸಿಯವರು 24 ಗಂಟೆಗೆ ಒಬ್ಬ ಅಟೆಂಡರ್ ಸಾಕು ಅನ್ನುತ್ತಾರೆ. ಇನ್ನೊಬ್ಬರು 12 ಗಂಟೆಯ ಎರಡು ಪಾಳಿ ಇಲ್ಲದಿದ್ದರೆ ಒಪ್ಪುವುದೇ ಇಲ್ಲ. ಖರ್ಚು ಹೆಚ್ಚುಕಡಿಮೆ ಒಂದೂವರೆ ಪಟ್ಟು. ದುಡ್ಡು ಕೀಳಲು ಹೀಗೆ ಹೇಳುತ್ತಿದ್ದಾರೆಯೇ?
—ಓದುಗರೊಬ್ಬರು, ಮೈಸೂರು

ಉತ್ತರ: ಇಲ್ಲ. ನೀವು ಬರೆದಿರುವ ಸ್ಥಿತಿಗೆ ಎರಡು ಪಾಳಿ ನಿಜವಾಗಿಯೂ ಬೇಕು. ಒಂದು ಹಾಳೆ ತೆಗೆದುಕೊಂಡು ರಾತ್ರಿ 9ರಿಂದ ಬೆಳಿಗ್ಗೆ 7ರವರೆಗೆ ಏನೇನು ಕೆಲಸವಿದೆ ಬರೆಯಿರಿ. ತಾವಾಗಿ ಹೊರಳಲಾರದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅಂದರೆ 10, 12, 2, 4, 6. ನಡುವೆ ಮಲವಿಸರ್ಜನೆಯಾದರೆ ಡಯಾಪರ್ ಬದಲಿಸಬೇಕು, ಮೂತ್ರದ ಚೀಲ ಖಾಲಿ ಮಾಡಬೇಕು, ಕಫ ಕಟ್ಟಿದರೆ ಎಬ್ಬಿಸಿ ಕೂರಿಸಬೇಕು. ಹಗಲಿಡೀ ದುಡಿದ ಒಬ್ಬರೇ ಇದನ್ನು ಒಂದೆರಡು ರಾತ್ರಿ ಮಾಡಿಯಾರು. ಆಮೇಲೆ 2 ಗಂಟೆಯ ಸರದಿ ತಪ್ಪುತ್ತದೆ, ಮಾರನೆಯ ರಾತ್ರಿ 4 ಗಂಟೆಯದೂ ತಪ್ಪುತ್ತದೆ. ಅವರು ಸೋಮಾರಿ ಎಂದಲ್ಲ, ಮನುಷ್ಯರಿಗೆ ನಿದ್ದೆ ಬರುತ್ತದೆ. ‘24 ಗಂಟೆ’ ಎಂದರೆ ಆ ವ್ಯಕ್ತಿ ಮನೆಯಲ್ಲಿ ಇರುತ್ತಾರೆ ಎಂದಷ್ಟೇ, ಎದ್ದಿರುತ್ತಾರೆ ಎಂದಲ್ಲ. ರಾತ್ರಿ ಒಂದೆರಡು ಸಲ ಕೈಹಿಡಿದು ಬಚ್ಚಲಿಗೆ ಕರೆದೊಯ್ದರೆ ಸಾಕೆನ್ನುವ ಹಿರಿಯರಿಗೆ ಆ ಏರ್ಪಾಟು ಚೆನ್ನಾಗಿ ನಡೆಯುತ್ತದೆ. ನಿಮ್ಮ ತಾಯಿಗೆ ನಡೆಯುವುದಿಲ್ಲ.

ಎರಡು ಪಾಳಿಯ ಖರ್ಚು ಭಾರವಾದರೆ ಹಗಲು ಮನೆಯವರು ನೋಡಿಕೊಂಡು, ರಾತ್ರಿ ಪಾಳಿಯನ್ನು ದುಡ್ಡು ಕೊಟ್ಟು ಕೊಳ್ಳಿ. ಹೆಚ್ಚಿನವರು ಇದರ ತಿರುವುಮುರುವು ಮಾಡುತ್ತಾರೆ. ಹಗಲು ಆಳಿಟ್ಟು, ರಾತ್ರಿ ತಾವೇ ಎದ್ದು, ತಿಂಗಳೊಳಗೆ ಮನೆಯವರೇ ಹಾಸಿಗೆ ಹಿಡಿಯುತ್ತಾರೆ.

ಹಾಸಿಗೆ ಹುಣ್ಣಿನ ವಿಷಯದಲ್ಲಿ ಏಜೆನ್ಸಿಯ ಅಟೆಂಡರ್‌ಗೆ ಕೆಲಸ ಗೊತ್ತಿದೆಯೇ ಎಂದು ಹತ್ತು ನಿಮಿಷದಲ್ಲಿ ತಿಳಿಯಬಹುದು. ಬಾಲಮೂಳೆಯ ಜಾಗ, ಹಿಮ್ಮಡಿ, ಸೊಂಟದ ಪಕ್ಕದ ಮೂಳೆ—ಈ ಮೂರನ್ನು ದಿನವೂ ನೋಡುತ್ತೀರಾ ಎಂದು ಕೇಳಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿಬಿಟ್ಟಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ರಕ್ತ ಓಡಾಡುತ್ತಿದೆ ಎಂದರ್ಥ. ಬಿಳಿಚದೆ ಹಾಗೇ ಇದ್ದರೆ ಹುಣ್ಣು ಶುರುವಾಗಿದೆ. ನಮ್ಮ ಮೈಬಣ್ಣಕ್ಕೆ ಕೆಂಪು ಅಷ್ಟಾಗಿ ಕಾಣುವುದಿಲ್ಲ, ಆದ್ದರಿಂದ ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿದೆಯೇ, ಮುಟ್ಟಿದರೆ ಬಿಸಿಯಾಗಿ ಅಥವಾ ಗಟ್ಟಿಯಾಗಿ ಇದೆಯೇ ಎಂದು ನೋಡಬೇಕು. ಅಂಥ ಜಾಗಕ್ಕೆ ಎಣ್ಣೆ ಹಾಕಿ ತಿಕ್ಕುತ್ತೇನೆ, ಸ್ಪಿರಿಟ್ ಒರೆಸಿ ಪೌಡರ್ ಹಾಕುತ್ತೇನೆ ಎಂದು ಯಾರಾದರೂ ಅಂದರೆ ಅವರ ತರಬೇತಿ ಹಳೆಯದು, ಅಥವಾ ಇಲ್ಲವೇ ಇಲ್ಲ. ತಿಕ್ಕಿದರೆ ಒಳಗಿನ ಮಾಂಸಕ್ಕೆ ಇನ್ನಷ್ಟು ಪೆಟ್ಟು, ಸ್ಪಿರಿಟ್ ಚರ್ಮ ಒಣಗಿಸುತ್ತದೆ. ನಡುವೆ ತೂತಿರುವ ರಿಂಗ್ ದಿಂಬು ಕೂಡ ಬೇಡ. ಸುತ್ತಲಿನ ಅಂಚಿನಲ್ಲಿ ಒತ್ತಡ ಬಿದ್ದು ನಡುವಿನ ಜಾಗಕ್ಕೆ ರಕ್ತ ಕಡಿಮೆಯಾಗುತ್ತದೆ. ಗಾಳಿ ಹಾಸಿಗೆ ತಂದರೆ ಒಳ್ಳೆಯದೇ, ಆದರೆ ಅದು ಮಗ್ಗುಲು ಬದಲಿಸುವುದಕ್ಕೆ ಬದಲಿಯಲ್ಲ. ಮಗ್ಗುಲೆಂದರೆ ಪೂರ್ತಿ 90 ಡಿಗ್ರಿ ಅಲ್ಲ. ಬೆನ್ನ ಹಿಂದೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ಓರೆ ಮಾಡಿದರೆ ಸಾಕು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಬಿಡಬೇಕು.

ಊಟದ ಟ್ಯೂಬಿನದು ಇನ್ನೂ ನಾಜೂಕು. ಟ್ಯೂಬ್ ಹಾಕುವುದು, ಬದಲಿಸುವುದು ನೋಂದಾಯಿತ ನರ್ಸ್ ಅಥವಾ ವೈದ್ಯರ ಕೆಲಸ. ಊಟ ಕೊಡುವುದನ್ನು ಕಲಿತ ಅಟೆಂಡರ್ ಮಾಡಬಹುದು. ಮೂಗಿನ ಹೊಳ್ಳೆಯ ಹತ್ತಿರ ಟ್ಯೂಬಿನ ಮೇಲೆ ಗುರುತು ಹಾಕಿರಬೇಕು. ಗುರುತು ಹೊರಗೆ ಸರಿದಿದ್ದರೆ ಊಟ ಕೊಡಕೂಡದು, ಟ್ಯೂಬಿನ ತುದಿ ಹೊಟ್ಟೆಯಲ್ಲಿ ಇಲ್ಲದಿರಬಹುದು. ತಲೆಯ ಭಾಗವನ್ನು 30ರಿಂದ 45 ಡಿಗ್ರಿಗೆ ಎತ್ತಿ, 50 ಮಿಲಿ ಸಿರಿಂಜಿನ ಪಿಸ್ಟನ್ ತೆಗೆದು, ಕೊಳವೆಯನ್ನು ಮೇಲಕ್ಕೆ ಹಿಡಿದರೆ ಊಟ ತಾನಾಗಿ ಇಳಿಯಬೇಕು. ಒಮ್ಮೆಗೆ 200ರಿಂದ 250 ಮಿಲಿ, ಅದಕ್ಕೆ 15–20 ನಿಮಿಷ. ಬೇಗ ಮುಗಿಸಲು ಪಿಸ್ಟನ್ ಒತ್ತಿದರೆ ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಕೊನೆಗೆ ಸುಮಾರು 30 ಮಿಲಿ ನೀರು ಬಿಟ್ಟು ಟ್ಯೂಬ್ ತೊಳೆಯದಿದ್ದರೆ ರಾಗಿ ಗಂಜಿ ಒಳಗೇ ಗಟ್ಟಿಯಾಗುತ್ತದೆ. ಊಟವಾದ ಮೇಲೆ ಅರ್ಧದಿಂದ ಒಂದು ಗಂಟೆ ಮಲಗಿಸಬಾರದು. ಕೊಡುವಾಗ ಕೆಮ್ಮು ಬಂದರೆ, ಉಸಿರು ಕಟ್ಟಿದರೆ ಅಲ್ಲಿಗೇ ನಿಲ್ಲಿಸಬೇಕು. ಮಾತ್ರೆಗಳನ್ನು ಪುಡಿ ಮಾಡುವ ಮುನ್ನ ಪಟ್ಟಿಯನ್ನು ಔಷಧ ಅಂಗಡಿಯ ಫಾರ್ಮಸಿಸ್ಟ್‌ಗೆ ತೋರಿಸಿ. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲ ಮೈಗೇರುತ್ತದೆ.

ಮೂತ್ರದ ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ವೀಲ್‌ಚೇರಿಗೆ ಕೂರಿಸುವಾಗ ಚೀಲವನ್ನು ರೋಗಿಯ ತೊಡೆಯ ಮೇಲಿಡುವ ಅಭ್ಯಾಸ ಬಹಳ ಮಂದಿಗಿದೆ. ಹಳೆಯ ಮೂತ್ರ ವಾಪಸು ಹರಿದು ಸೋಂಕಾಗುತ್ತದೆ. ಇನ್ನು, ಎಬ್ಬಿಸುವಾಗ ಸ್ವಾಧೀನವಿಲ್ಲದ ಕೈ ಹಿಡಿದು ಎಳೆದರೆ ಭುಜ ಜಾರುತ್ತದೆ. ಕುರ್ಚಿಯನ್ನು ಚೆನ್ನಾಗಿರುವ ಎಡಬದಿಗೆ ಇಟ್ಟು, ಬ್ರೇಕ್ ಹಾಕಿ, ಸೊಂಟಕ್ಕೆ ಬೆಲ್ಟ್ ಕಟ್ಟಿ ಎತ್ತಬೇಕು.

ಡಿಸ್ಚಾರ್ಜ್‌ಗೆ ಎರಡು ದಿನ ಮುಂಚೆಯೇ ಏಜೆನ್ಸಿಯ ಆಳನ್ನು ವಾರ್ಡಿಗೆ ಕರೆಸಿ. ಸಿಸ್ಟರ್ ಒಮ್ಮೆ ಮಾಡಿ ತೋರಿಸಲಿ, ಆಮೇಲೆ ಬಂದವರು ನಿಮ್ಮ ಎದುರಿಗೇ ಮಾಡಲಿ. ‘ಗೊತ್ತು ಮೇಡಂ’ ಎಂಬ ಮಾತು ಲೆಕ್ಕಕ್ಕಿಲ್ಲ, ಕೈ ನೋಡಿ. ಇಂಥ ಪರೀಕ್ಷೆಗೆ ಕಳಿಸುವುದಿಲ್ಲ ಎನ್ನುವ ಏಜೆನ್ಸಿಯನ್ನು ಪಟ್ಟಿಯಿಂದ ತೆಗೆಯಿರಿ. ಮನೆ ನೋಡದೆ, ರೋಗಿಯ ತೂಕ ಕೇಳದೆ ಫೋನಿನಲ್ಲೇ ದರ ಹೇಳಿ ಮುಗಿಸುವವರನ್ನೂ ತೆಗೆಯಿರಿ. 80 ಕಿಲೋ ತೂಕದವರನ್ನು ಒಬ್ಬರೇ ಎತ್ತಲಾಗದು; ಎಲ್ಲರಿಗಿಂತ ಮೊದಲು ಅವರೇ ಕೇಳಬೇಕಾದ ಪ್ರಶ್ನೆ ಅದು.

ಪ್ರಶ್ನೆ: ಏಜೆನ್ಸಿಯವರು ‘ಹೋಮ್ ನರ್ಸ್’ ಎಂದು ಒಬ್ಬರನ್ನು ಕಳಿಸಿದ್ದಾರೆ. ನಮ್ಮ ಮಾವನಿಗೆ ಇನ್ಸುಲಿನ್ ಕೊಡಬೇಕು, ಕಾಲಿನ ಗಾಯಕ್ಕೆ ಡ್ರೆಸಿಂಗ್ ಮಾಡಬೇಕು. ಆಕೆ ಕೋರ್ಸ್ ಮಾಡಿದ್ದೇನೆ ಅನ್ನುತ್ತಾಳೆ, ಪ್ರಮಾಣಪತ್ರ ಊರಿನಲ್ಲಿದೆಯಂತೆ. ನಂಬಬಹುದೇ?
—ಓದುಗರೊಬ್ಬರು, ಬೆಂಗಳೂರು

ಉತ್ತರ: ನಂಬಿಕೆಯ ಮಾತೇ ಬೇಡ, ನೋಂದಣಿ ಸಂಖ್ಯೆ ಕೇಳಿ. ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ ತರಬೇತಿ) ಎರಡು ವರ್ಷ, ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಸೂಲಗಿತ್ತಿ ಡಿಪ್ಲೊಮಾ) ಮೂರು ವರ್ಷ, ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷದ ಕೋರ್ಸ್. ಇದನ್ನು ಮುಗಿಸಿದವರು ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡಿರಬೇಕು. ಬೇರೆ ರಾಜ್ಯದವರಾದರೆ ಅಲ್ಲಿನ ಕೌನ್ಸಿಲ್ ನೋಂದಣಿ ತೋರಿಸಲಿ. ಪ್ರಮಾಣಪತ್ರ ಊರಿನಲ್ಲಿದ್ದರೂ ಫೋಟೊ ತೆಗೆದು ಕಳಿಸಲು ಮನೆಯವರಿಗೆ ಐದು ನಿಮಿಷ ಸಾಕು. ಇದಲ್ಲದೆ ಕೆಲವು ತಿಂಗಳ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಅಥವಾ ‘ಹೋಮ್ ಹೆಲ್ತ್ ಏಡ್’ ತರಬೇತಿ ಪಡೆದವರಿದ್ದಾರೆ. ಸ್ನಾನ, ಊಟ, ಓಡಾಟ, ಮಗ್ಗುಲು, ಬಿಪಿ ನೋಡುವುದು ಅವರ ಕೆಲಸ. ಅದರಲ್ಲಿ ಅವರು ಎಷ್ಟೋ ಸಲ ನರ್ಸ್‌ಗಳಿಗಿಂತ ಚುರುಕು. ಯಾವ ತರಬೇತಿಯೂ ಇಲ್ಲದೆ ಅನುಭವದಿಂದಲೇ ಕಲಿತವರೂ ಇದ್ದಾರೆ. ಕರಾವಳಿಯಲ್ಲಿ, ಬೆಂಗಳೂರಿನಲ್ಲಿ ಈ ಮೂವರನ್ನೂ ಹೋಮ್ ನರ್ಸ್ ಎಂದೇ ಕರೆಯುವುದರಿಂದ ಬಿಲ್ಲಿನಲ್ಲಿ ‘ನೋಂದಾಯಿತ ನರ್ಸ್’ ಅಥವಾ ‘ಅಟೆಂಡರ್’ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ನರ್ಸ್ ದರ ಕೊಟ್ಟು ಅಟೆಂಡರ್ ಪಡೆಯುವುದು ಈ ವ್ಯವಹಾರದಲ್ಲಿ ಸಾಮಾನ್ಯ ಮೋಸ.

ಹಾಗಂತ ನಿಮಗೆ 12 ಗಂಟೆ ನರ್ಸ್ ಬೇಕಾಗಿಲ್ಲ. ಡ್ರೆಸಿಂಗ್‌ಗೆ ವೈದ್ಯರು ಹೇಳಿದ ದಿನಗಳಲ್ಲಿ ನರ್ಸ್ ಒಂದು ಗಂಟೆ ಬಂದು ಹೋದರೆ ಆಯಿತು, ಉಳಿದದ್ದಕ್ಕೆ ಅಟೆಂಡರ್ ಸಾಕು. ಇನ್ಸುಲಿನ್ ಪೆನ್ ಮನೆಯವರೇ ಕಲಿತು ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಆದರೆ ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಸಕ್ಕರೆ ಇಳಿದರೆ ಏನು ಮಾಡಬೇಕೆಂದು ಗೊತ್ತಿರಲಿ. ಬೆವರು, ನಡುಕ, ತಬ್ಬಿಬ್ಬು ಕಂಡು ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಇದೇ ಪ್ರಶ್ನೆಯನ್ನು ಬಂದಾಕೆಗೆ ಕೇಳಿನೋಡಿ, ಕೋರ್ಸಿನ ವಿಷಯ ಅರ್ಧ ಅಲ್ಲೇ ಇತ್ಯರ್ಥವಾಗುತ್ತದೆ.

ಗುರುತಿನ ದಾಖಲೆಯೂ ಬೇಕು: ಆಧಾರ್ ಪ್ರತಿ, ಊರಿನ ವಿಳಾಸ, ಮನೆಯವರೊಬ್ಬರ ಫೋನ್ ನಂಬರ್, ಪೊಲೀಸ್ ಪರಿಶೀಲನೆಯ ಪತ್ರ. ಏಜೆನ್ಸಿ ‘ಮಾಡಿಸಿದ್ದೇವೆ’ ಅಂದರೆ ಪತ್ರದ ಮೇಲಿನ ತಾರೀಖು ನೋಡಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇರುವವರನ್ನು ಕ್ಷಯ ಪರೀಕ್ಷೆಯಾಗದೆ ಹಿರಿಯರ ಹತ್ತಿರ ಬಿಡಬೇಡಿ.

ಪ್ರಶ್ನೆ: ನಾನು ಮೆಲ್ಬರ್ನ್‌ನಲ್ಲಿದ್ದೇನೆ. ಅಪ್ಪ, ಅಮ್ಮ ದಾವಣಗೆರೆಯಲ್ಲಿ. ಅಪ್ಪನಿಗೆ ಡಿಮೆನ್ಶಿಯಾ, ಸಂಜೆಯಾದರೆ ‘ಮನೆಗೆ ಹೋಗಬೇಕು’ ಎಂದು ಬಾಗಿಲ ಬಳಿ ನಿಲ್ಲುತ್ತಾರೆ. ಅಟೆಂಡರ್ ಹುಡುಗ ಒಡಿಶಾದವನು, ಕನ್ನಡ ಬಾರದು. ಕ್ಯಾಮೆರಾ ಹಾಕಿಸಲೇ? ದುಡ್ಡಿನ ವ್ಯವಹಾರ ಹೇಗೆ? ಅಮ್ಮ ತಾವೇ ನೋಡಿಕೊಳ್ಳುತ್ತೇನೆ ಅನ್ನುತ್ತಾರೆ.

ಉತ್ತರ: ಮೊದಲು ಭಾಷೆ. ಮರೆವು ಹೆಚ್ಚಿದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರುವುದು ಸಾಮಾನ್ಯ. ಒಂದು ಕಾಲಕ್ಕೆ ಹಿಂದಿ ಚೆನ್ನಾಗಿ ಮಾತಾಡುತ್ತಿದ್ದರೂ ನಿಮ್ಮ ತಂದೆಗೆ ಈಗ ‘ಖಾನಾ’ ಅಂದರೆ ತಿಳಿಯದೆ, ಇವನ್ಯಾರೋ ಮನೆಗೆ ನುಗ್ಗಿದ್ದಾನೆ ಎಂದು ಗಾಬರಿಯಾಗಬಹುದು. ಕನ್ನಡ ಬಲ್ಲವರು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ಅವರನ್ನೇ ಇಡಿ. ಸಿಗದಿದ್ದರೆ, ಹುಡುಗ ಒಳ್ಳೆಯವನಾಗಿದ್ದರೆ, ಕಳಿಸಬೇಡಿ. ನೋವು, ನೀರು, ಉಚ್ಚೆ, ಹಸಿವು, ತಲೆ ಸುತ್ತು, ಉಸಿರು, ಬಿದ್ದರು, ಬನ್ನಿ ಕೂತ್ಕೊಳ್ಳಿ, ಆಮೇಲೆ ಹೋಗೋಣ—ಇಂಥ ಇಪ್ಪತ್ತು ಮಾತನ್ನು ಅಮ್ಮನ ದನಿಯಲ್ಲಿ ಅವನ ಫೋನಿಗೆ ರೆಕಾರ್ಡ್ ಮಾಡಿಕೊಡಿ. ಡಿಮೆನ್ಶಿಯಾ ಇರುವವರಿಗೆ ಪದಕ್ಕಿಂತ ದನಿಯ ಏರಿಳಿತ, ಮುಖ ಮುಖ್ಯ. ಆದ್ದರಿಂದ ಏಜೆನ್ಸಿಯ ಹತ್ತಿರ ಗಟ್ಟಿಯಾಗಿ ಕೇಳಬೇಕಾದ್ದು ಒಂದೇ: ತಿಂಗಳಿಗೊಬ್ಬರನ್ನು ಬದಲಿಸಬಾರದು. ಬದಲಿ ಅನಿವಾರ್ಯವಾದರೆ ಹಳಬರು, ಹೊಸಬರು ಎರಡು ದಿನ ಒಟ್ಟಿಗೆ ಇರಬೇಕು.

ಸಂಜೆಯ ಚಡಪಡಿಕೆಗೆ ‘ಇದೇ ನಿಮ್ಮ ಮನೆ’ ಎಂದು ವಾದ ಹಾಕಿದರೆ ಜಗಳವೇ ಗತಿ. ನಾಲ್ಕೂವರೆಗೇ ದೀಪ ಹಾಕಿ, ಹಿತ್ತಲಿನಲ್ಲೋ ಬೀದಿಯ ಕೊನೆಯವರೆಗೋ ಒಂದು ಸುತ್ತು ನಡೆಸಿಕೊಂಡು ಬಂದು, ಕೈಗೊಂದು ಕೆಲಸ ಕೊಡಲಿ. ಅವರೆಕಾಯಿ ಸುಲಿಯುವುದು, ಪಂಚೆ ಮಡಿಚುವುದು ಏನಾದರೂ ಸರಿ. ಇದ್ದಕ್ಕಿದ್ದಂತೆ ಚಡಪಡಿಕೆ ಹೆಚ್ಚಿದರೆ ಮೂತ್ರದ ಸೋಂಕು, ಮಲಬದ್ಧತೆ, ನೋವು ಇದೆಯೇ ಎಂದು ವೈದ್ಯರು ನೋಡಬೇಕು. ರಾತ್ರಿ ಪಾಳಿಯವರು ತಾವು ಮಲಗಲಿಕ್ಕೆ ನಿದ್ದೆ ಮಾತ್ರೆ ಕೊಡುವುದು, ಸೀರೆಯಿಂದ ಮಂಚಕ್ಕೆ ಕಟ್ಟುವುದು ನಡೆಯುತ್ತದೆ. ಮಾತ್ರೆಯ ಸ್ಟ್ರಿಪ್ ಎಣಿಸುವುದು, ಮಣಿಕಟ್ಟು ನೋಡುವುದು ಅಮ್ಮನ ದಿನಚರಿಯಲ್ಲಿರಲಿ. ಹಗಲೆಲ್ಲ ತೂಕಡಿಸುತ್ತಿದ್ದಾರೆ, ಮಾತು ತೊದಲುತ್ತಿದೆ ಎಂದು ಕಂಡರೆ ತಡಮಾಡಬೇಡಿ.

ಕ್ಯಾಮೆರಾ ಹಾಲಿನಲ್ಲಿ, ಹೊರಬಾಗಿಲಲ್ಲಿ ಇರಲಿ; ಬಚ್ಚಲು, ಬಟ್ಟೆ ಬದಲಿಸುವ ಜಾಗ, ಅಟೆಂಡರ್ ಮಲಗುವ ಜಾಗದಲ್ಲಿ ಬೇಡವೇ ಬೇಡ. ಅದು ಇದೆ ಎಂದು ಮೊದಲ ದಿನವೇ ಹೇಳಿ, ಕರಾರಿನಲ್ಲಿ ಬರೆಸಿ. ಆದರೆ ಕ್ಯಾಮೆರಾವನ್ನೇ ನಂಬಿ ಕೂರಬೇಡಿ. ಮೆಲ್ಬರ್ನ್‌ನಲ್ಲಿ ನೀವು ಕೆಲಸದಲ್ಲಿರುವ ಹೊತ್ತಿಗೆ ಇಲ್ಲಿ ಯಾರು ನೋಡುತ್ತಾರೆ? ದಾವಣಗೆರೆಯಲ್ಲೇ ಇರುವ ಸೋದರಮಾವನೋ ಅತ್ತಿಗೆಯೋ ವಾರಕ್ಕೊಮ್ಮೆ, ಹೇಳದೆ, ಬೇರೆ ಬೇರೆ ಹೊತ್ತಿನಲ್ಲಿ ಬಂದು ಹೋಗುವುದು ನಾಲ್ಕು ಕ್ಯಾಮೆರಾಕ್ಕೆ ಸಮ. ಅವರ ಹೆಸರನ್ನೇ ಏಜೆನ್ಸಿಯಲ್ಲಿ ಸ್ಥಳೀಯ ಸಂಪರ್ಕ ಎಂದು ಕೊಡಿ, ಆಳನ್ನು ಬದಲಿಸುವ ಅಧಿಕಾರವೂ ಅವರಿಗಿರಲಿ.

ದುಡ್ಡನ್ನು ನಿಮ್ಮ ಖಾತೆಯಿಂದ ನೇರ ಏಜೆನ್ಸಿಯ ಖಾತೆಗೆ ಕಳಿಸಿ. ತರಕಾರಿ, ಔಷಧದ ಖರ್ಚಿಗೆ ಅಮ್ಮನ ಕೈಯಲ್ಲಿ ಸಣ್ಣ ಮೊತ್ತ, ಚೀಟಿ ಸಹಿತ. ಎಟಿಎಂ ಕಾರ್ಡು, ಪಿನ್, ಒಟಿಪಿ ಬರುವ ಫೋನು ಅಟೆಂಡರ್ ಕೈಗೆ ಹೋಗಬಾರದು. ಒಡವೆ ಲಾಕರಿಗೆ ಹೋಗಲಿ. ಕಳವಾಗುತ್ತದೆ ಎಂದೇ ಅಲ್ಲ, ಬಳೆ ಎಲ್ಲೋ ಇಟ್ಟು ಮರೆತು ಹುಡುಗನ ಮೇಲೆ ಅಪವಾದ ಬರುವುದೇ ಹೆಚ್ಚು.

ಅಮ್ಮನ ‘ನಾನೇ ನೋಡ್ಕೋತೀನಿ’ ಎಂಬ ಮಾತಿಗೆ ತಲೆಯಾಡಿಸಿ, ಆಳನ್ನು ಬಿಡಬೇಡಿ. ‘ಅಪ್ಪನಿಗಲ್ಲ, ನಿನ್ನ ಸಹಾಯಕ್ಕೆ’ ಎಂದರೆ ಒಪ್ಪಿಕೊಳ್ಳುತ್ತಾರೆ. ಹಿರಿಯರ ಸಹಾಯವಾಣಿ 14567, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಎರಡೂ ಅಮ್ಮನ ಫೋನಿನಲ್ಲಿರಲಿ. ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಅಡಿಕೆ ಮರದಿಂದ ಬಿದ್ದು ತಮ್ಮನಿಗೆ (31 ವರ್ಷ) ಬೆನ್ನುಹುರಿಗೆ ಪೆಟ್ಟಾಗಿದೆ. ಸೊಂಟದ ಕೆಳಗೆ ಸ್ಪರ್ಶವಿಲ್ಲ. ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ, ಏಜೆನ್ಸಿಯವರು ಇಲ್ಲಿಗೆ ಬರುವುದಿಲ್ಲ. ಊರಿನ ಹುಡುಗನೊಬ್ಬ ಬರಲು ಒಪ್ಪಿದ್ದಾನೆ, ಏನೂ ಗೊತ್ತಿಲ್ಲ.

ಉತ್ತರ: ಏನೂ ಗೊತ್ತಿಲ್ಲದ, ಕಲಿಯುವ ಮನಸ್ಸಿರುವ, ಊರಲ್ಲೇ ಇರುವ ಹುಡುಗ ಸಿಕ್ಕಿದ್ದು ನಿಮ್ಮ ಪುಣ್ಯ. ಪೇಟೆಯಿಂದ ಬಂದವರು ಮಳೆಗಾಲದ ಮೊದಲ ವಾರಕ್ಕೇ ಗಂಟುಮೂಟೆ ಕಟ್ಟುತ್ತಾರೆ. ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ: ನಿಮ್ಮ ತಮ್ಮ ರೋಗಿಯಲ್ಲ. ಹುಡುಗನನ್ನು ಆರಿಸುವುದು, ಕೆಲಸ ಹೇಳುವುದು, ಸಾಕು ಅನ್ನುವುದು ಎಲ್ಲ ಅವರೇ ಮಾಡಲಿ. ನೀವು ಹೇಳಿದಂತೆ ಆಳು ಕೇಳುತ್ತಾನೆ, ತಮ್ಮ ಮಾತ್ರ ಮಂಚದ ಮೇಲೆ ಸುಮ್ಮನಿರಬೇಕು ಎಂಬ ಏರ್ಪಾಟು ಹೆಚ್ಚು ದಿನ ನಿಲ್ಲದು.

ಮೂತ್ರಕ್ಕೆ ಕಾಯಂ ಕ್ಯಾಥೆಟರ್ ಬದಲು 4ರಿಂದ 6 ಗಂಟೆಗೊಮ್ಮೆ ತಾವೇ ಸಣ್ಣ ಟ್ಯೂಬ್ ಹಾಕಿ ತೆಗೆಯುವ ವಿಧಾನ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ಕೈಗಳಲ್ಲಿ ಬಲವಿರುವುದರಿಂದ ಅವರು ಒಂದು ವಾರದಲ್ಲಿ ಕಲಿಯಬಹುದು. ಆಗ ಹುಡುಗನ ಮೇಲಿನ ಅವಲಂಬನೆ ಅರ್ಧ ಇಳಿಯುತ್ತದೆ. ಒಂದು ಸಲಕ್ಕೆ 400–500 ಮಿಲಿಗಿಂತ ಹೆಚ್ಚು ಬರುತ್ತಿದ್ದರೆ ಹೊತ್ತಿನ ಅಂತರ ಕಡಿಮೆ ಮಾಡಬೇಕು. ಮೂತ್ರ ಕದಡಿದಂತಿದ್ದು ಚಳಿಜ್ವರ ಬಂದರೆ ಮನೆಮದ್ದು ಮಾಡುತ್ತ ಕೂರಬೇಡಿ.

ವೀಲ್‌ಚೇರಿನಲ್ಲಿ ಕೂತಾಗ 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ ಇಲ್ಲವೇ ಪಕ್ಕಕ್ಕೆ ಬಾಗಿ, ಆಸನದ ಮೇಲಿನ ಭಾರವನ್ನು ಒಂದೆರಡು ನಿಮಿಷ ಇಳಿಸಬೇಕು. ಫೋನಿನಲ್ಲಿ ಅಲಾರಂ ಇಡಿ. ಹಳೆಯ ಟಯರ್ ಟ್ಯೂಬು ಹಾಕಿ ಕೂರಿಸುವುದು ಬೇಡ. ಮೇಲೆ ಹೇಳಿದ ರಿಂಗ್ ದಿಂಬಿನ ತೊಂದರೆಯೇ. ಕನ್ನಡಿ ಹಿಡಿದು ತಾವೇ ಬೆನ್ನ ಕೆಳಗೆ ನೋಡಿಕೊಳ್ಳುವುದನ್ನು ಕಲಿಯಲಿ.

ಮಲೆನಾಡಿನ ಬಚ್ಚಲೊಲೆಯ ನೀರಿನ ಬಗ್ಗೆ ಹುಡುಗನಿಗೆ ಎರಡು ಸಲ ಹೇಳಿ. ಹಂಡೆಯ ನೀರು ಕುದಿಯುವಷ್ಟಿರುತ್ತದೆ, ತಮ್ಮನಿಗೆ ಕಾಲು ಸುಟ್ಟರೂ ಗೊತ್ತಾಗುವುದಿಲ್ಲ. ಮೊದಲು ತಣ್ಣೀರು ತುಂಬಿ, ಅದಕ್ಕೆ ಬಿಸಿನೀರು ಬೆರೆಸಿ, ಮೊಣಕೈ ಅದ್ದಿ ನೋಡಿದ ಮೇಲೇ ಹಾಕಬೇಕು. ಬೆಂಕಿ ಕಾಯಿಸುವಾಗಲೂ ಕಾಲು ಎಲ್ಲಿದೆ ಎಂದು ಕಣ್ಣಿನಿಂದಲೇ ನೋಡಬೇಕು.

ತರಬೇತಿಗೆ, ಶಸ್ತ್ರಚಿಕಿತ್ಸೆ ಮಾಡಿದ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹುಡುಗನನ್ನೂ ಕರೆದುಕೊಂಡು ಹೋಗಿ ಎರಡು ಮೂರು ದಿನ ಕಲಿಸಿ. ಆ ದಿನಗಳಿಗೂ ಕೂಲಿ ಕೊಡಿ. ಬೆಂಗಳೂರಿನ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ) ಸಂಸ್ಥೆ ಬೆನ್ನುಹುರಿ ಪೆಟ್ಟಾದವರ ಪುನರ್ವಸತಿಯಲ್ಲಿ ಬಹುಕಾಲದಿಂದ ಕೆಲಸ ಮಾಡುತ್ತಿದೆ, ಅಲ್ಲಿಯೂ ವಿಚಾರಿಸಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕಂಡು ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಮಾಸಾಶನ, ಸಾಧನ ಸಲಕರಣೆ ಎಲ್ಲಕ್ಕೂ ಅದೇ ಬಾಗಿಲು. ವೀಲ್‌ಚೇರ್ ತರುವ ಮುನ್ನ ಬಚ್ಚಲ ಬಾಗಿಲನ್ನು ಅಳೆಯಿರಿ. ಸಾಮಾನ್ಯ ಕುರ್ಚಿ 24ರಿಂದ 26 ಇಂಚು ಅಗಲ ಇರುತ್ತದೆ, ಹಳೆಯ ಮನೆಯ ಬಚ್ಚಲ ಬಾಗಿಲು ಅದಕ್ಕಿಂತ ಕಿರಿದಿರುವುದೇ ಹೆಚ್ಚು.

ಪ್ರಶ್ನೆ: ಆರೈಕೆಗೆಂದು ನಮ್ಮ ಮನೆಯಲ್ಲೇ ಇರುವ ಆಕೆ ತಿಂಗಳಿಗೆ ನಾಲ್ಕು ದಿನ ರಜೆ ಕೇಳುತ್ತಿದ್ದಾರೆ, ಏಜೆನ್ಸಿ ಎರಡೇ ಅನ್ನುತ್ತದೆ. ಜೊತೆಗೆ ಮಾವ ಸ್ನಾನದ ಹೊತ್ತಿಗೆ ಕೆಟ್ಟದಾಗಿ ಮುಟ್ಟುತ್ತಾರೆ ಎಂದು ಅತ್ತು ಹೇಳಿದರು. ಏನು ಮಾಡಲಿ?
—ಓದುಗರೊಬ್ಬರು, ಉಡುಪಿ

ಉತ್ತರ: ಎರಡನೆಯದನ್ನು ಇವತ್ತೇ ಸರಿಮಾಡಿ. ‘ವಯಸ್ಸಾದವರು, ಸುಮ್ಮನಿರಿ’ ಎಂದು ಆಕೆಗೆ ಹೇಳಬೇಡಿ. ಸ್ನಾನ, ಬಟ್ಟೆ ಬದಲಿಸುವ ಕೆಲಸ ನಾಳೆಯಿಂದ ಗಂಡಸರದ್ದು. ಮಗ ಮಾಡಲಿ, ಇಲ್ಲವೇ ಬೆಳಿಗ್ಗೆ ಒಂದು ಗಂಟೆಯ ಮಟ್ಟಿಗೆ ಪುರುಷ ಅಟೆಂಡರ್ ಬಂದು ಹೋಗಲಿ. ಮೊದಲು ಹೀಗಿರದಿದ್ದವರು ಈಗ ಹೀಗಾಡುತ್ತಿದ್ದರೆ ಮೆದುಳಿನ ಕಾಯಿಲೆಯ ಲಕ್ಷಣವೂ ಇರಬಹುದು, ವೈದ್ಯರಿಗೆ ತೋರಿಸಿ. ಕಾರಣ ಏನೇ ಇರಲಿ, ಆಕೆ ಅದನ್ನು ಸಹಿಸಬೇಕಿಲ್ಲ. ಮನೆಗೆಲಸದವರೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು, ಮನೆಯೇ ಅವರ ಕೆಲಸದ ಸ್ಥಳ. ಇಂಥ ದೂರು ಬಂದಾಗ ಏಜೆನ್ಸಿ ಆಕೆಯನ್ನೇ ಬೈದು ಬೇರೆ ಮನೆಗೆ ಹಾಕಿದರೆ, ಅದೇ ಏಜೆನ್ಸಿ ನಾಳೆ ನಿಮ್ಮ ದೂರನ್ನೂ ಹೀಗೆಯೇ ಮುಚ್ಚಿಹಾಕುತ್ತದೆ.

ರಜೆ ನಾಲ್ಕು ದಿನ ಕೊಡಿ. ವಾರಕ್ಕೊಂದು ದಿನ ಯಾರಿಗಾದರೂ ಬೇಕು. ರಾತ್ರಿ ಆರೇಳು ಗಂಟೆ ನಿದ್ದೆ, ಮಲಗಲು ರೋಗಿಯ ಕೋಣೆಯ ನೆಲವಲ್ಲದ ಒಂದು ಜಾಗ, ಮನೆಯವರು ಉಣ್ಣುವ ಊಟ, ಮಧ್ಯಾಹ್ನ ಎರಡು ಗಂಟೆ ಬಿಡುವು ಸಿಕ್ಕವರು ವರ್ಷಗಟ್ಟಲೆ ನಿಲ್ಲುತ್ತಾರೆ. ಮೀನು ತಿನ್ನುವುದು ನಮ್ಮ ಮನೆಯಲ್ಲಿ ಆಗದು ಎಂದಿದ್ದರೆ ಅದನ್ನು ಗೊತ್ತುಮಾಡುವ ದಿನವೇ ಹೇಳಿಬಿಡಿ. ಹದಿನೈದನೆಯ ದಿನ ಅದೇ ಜಗಳವಾಗಿ ಆಳು ಬಿಟ್ಟುಹೋದ ಮನೆಗಳು ಬಹಳ. ಪಾತ್ರೆ, ಬಟ್ಟೆ, ಮಕ್ಕಳನ್ನು ಶಾಲೆಯಿಂದ ಕರೆತರುವುದು ಆರೈಕೆಯವರ ಕೆಲಸವಲ್ಲ. ರೋಗಿಯ ಪಾತ್ರೆ, ರೋಗಿಯ ಬಟ್ಟೆ ಅಷ್ಟೇ.

ಗೌರಿ-ಗಣೇಶ, ದೀಪಾವಳಿ, ಊರ ಜಾತ್ರೆ, ಚುನಾವಣೆ ಹೊತ್ತಿಗೆ ಎಲ್ಲರೂ ಒಟ್ಟಿಗೆ ಊರಿಗೆ ಹೋಗುತ್ತಾರೆ, ಏಜೆನ್ಸಿಯ ಬಳಿ ಬದಲಿ ಇರುವುದಿಲ್ಲ. ಒಂದು ತಿಂಗಳು ಮುಂಚೆಯೇ ತಾರೀಖು ಕೇಳಿ, ಆ ದಿನಗಳಿಗೆ ಮನೆಯವರ ಸರದಿ ಹಾಕಿಕೊಳ್ಳಿ.

ಪ್ರಶ್ನೆ: ಏಜೆನ್ಸಿಗೆ 40,000 ರೂಪಾಯಿ ಮುಂಗಡ ಕೊಟ್ಟೆವು. ಆಳು ಎಂಟನೆಯ ದಿನ ಹೇಳದೆ ಹೋದಳು. ಬದಲಿ ಕಳಿಸುತ್ತಿಲ್ಲ, ದುಡ್ಡೂ ವಾಪಸ್ ಇಲ್ಲ. ಕರಾರು ಪತ್ರವಿಲ್ಲ, ವಾಟ್ಸ್ಆ್ಯಪ್ ಮಾತುಕತೆ ಮಾತ್ರ ಇದೆ.
—ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ವಾಟ್ಸ್ಆ್ಯಪ್ ಮಾತು, ಯುಪಿಐ ಪಾವತಿಯ ವಿವರ, ಫೋನ್ ಕರೆಗಳ ಪಟ್ಟಿ ಸಾಕ್ಷ್ಯವಾಗುತ್ತವೆ, ಅಳಿಸಬೇಡಿ, ಮುದ್ರಿಸಿಟ್ಟುಕೊಳ್ಳಿ. ಕೊಟ್ಟ ಹಣ, ಕೆಲಸ ನಡೆದ ದಿನ, ಬಾಕಿ ಎಷ್ಟು ಎಂದು ಲೆಕ್ಕ ಹಾಕಿ, 15 ದಿನದೊಳಗೆ ಹಿಂದಿರುಗಿಸಿ ಎಂದು ಏಜೆನ್ಸಿಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ. ವಕೀಲರ ಕೈಯಲ್ಲೇ ಕಳಿಸಬೇಕೆಂದಿಲ್ಲ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ, ಹಲವರು ಈ ಹಂತದಲ್ಲೇ ದಾರಿಗೆ ಬರುತ್ತಾರೆ. ಬಾರದಿದ್ದರೆ ಧಾರವಾಡ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ನೀವೇ ವಾದಿಸಬಹುದು. ತೊಂದರೆಯಾದ ಎರಡು ವರ್ಷದೊಳಗೆ ಹಾಕಬೇಕು ಎಂಬುದು ನೆನಪಿರಲಿ.

ಆದರೆ ನಿಮ್ಮದು ಯಾವ ಬಗೆಯ ಏಜೆನ್ಸಿ ಎಂದು ಮೊದಲು ನೋಡಿ. ಕೆಲವರು ಒಂದು ಸಲ ಕಮಿಷನ್ ತೆಗೆದುಕೊಂಡು ಆಳನ್ನು ತೋರಿಸಿ ಕೈತೊಳೆದುಕೊಳ್ಳುವ ದಲ್ಲಾಳಿಗಳು. ಸಂಬಳ ನೀವೇ ಆಳಿಗೆ ಕೊಡುತ್ತೀರಿ, ಯಜಮಾನರೂ ನೀವೇ. ಇನ್ನು ಕೆಲವರು ತಿಂಗಳ ಹಣ ತಾವು ಪಡೆದು, ಆಳಿಗೆ ತಾವೇ ಸಂಬಳ ಕೊಟ್ಟು, ಮೇಲ್ವಿಚಾರಕರನ್ನು ಕಳಿಸುತ್ತಾರೆ. ಬದಲಿಯ ಹೊಣೆ ಇವರ ಮೇಲೆ ಹೊರಿಸುವುದು ಸುಲಭ. ದಲ್ಲಾಳಿ ಎಂದಾದರೆ ಅವರು ಯಾವ ಭರವಸೆ ಕೊಟ್ಟಿದ್ದರು ಎಂಬುದನ್ನು ವಾಟ್ಸ್ಆ್ಯಪ್‌ನಿಂದಲೇ ತೋರಿಸಬೇಕಾಗುತ್ತದೆ.

ಮುಂದಿನ ಸಲ ಒಂದು ಪುಟದ ಕರಾರಾದರೂ ಇರಲಿ. ಬರುವವರ ಹೆಸರು ಮತ್ತು ಅರ್ಹತೆ, ಪಾಳಿಯ ಗಂಟೆ, ಕೆಲಸದ ಪಟ್ಟಿ, ಮೂರು ದಿನದ ಪ್ರಯೋಗಾವಧಿ, ಆಳು ಬಾರದಿದ್ದರೆ ಎಷ್ಟು ಗಂಟೆಯೊಳಗೆ ಬದಲಿ, ಬದಲಿ ಬಾರದ ದಿನದ ಹಣ ಕಡಿತ, ಮುಂಗಡದಲ್ಲಿ ಎಷ್ಟು ವಾಪಸ್, ಮೇಲ್ವಿಚಾರಕರು ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಎಷ್ಟು ದಿನ ಮೊದಲು ಹೇಳಿ ಬಿಡಬಹುದು. ‘ನಮ್ಮ ಆಳನ್ನು ನೀವು ನೇರವಾಗಿ ಇಟ್ಟುಕೊಂಡರೆ ದಂಡ’ ಎಂಬ ಷರತ್ತು ಬಹುತೇಕ ಕರಾರುಗಳ ಕೊನೆಯಲ್ಲಿ ಸಣ್ಣಕ್ಷರದಲ್ಲಿರುತ್ತದೆ, ಸಹಿಗೆ ಮುಂಚೆ ಓದಿ. ಮುಂಗಡವನ್ನು ಒಂದು ತಿಂಗಳಿಗಿಂತ ಹೆಚ್ಚು ಕೊಡಬೇಡಿ. ಮೊದಲ ವಾರಕ್ಕೆ ವಾರದ ಲೆಕ್ಕದಲ್ಲಿ ಕೊಡುತ್ತೇವೆ ಎಂದರೆ ಒಪ್ಪುವ ಏಜೆನ್ಸಿಗಳೂ ಇವೆ.

ಆಳು ಬಂದ ದಿನದಿಂದ ಒಂದು ಉದ್ದ ನೋಟ್‌ಬುಕ್ ಇಡಿ: ಹೊತ್ತು, ಊಟ-ನೀರು ಎಷ್ಟು ಮಿಲಿ, ಮೂತ್ರ, ಮಲ, ಔಷಧ, ಮಗ್ಗುಲು, ಬಿಪಿ, ಸಹಿ. ಆಗಾಗ ಅರೆಹೊತ್ತಿನಲ್ಲಿ ತೆಗೆದು ನೋಡಿ. ಬೆಳಿಗ್ಗೆಯಿಂದ ಸಂಜೆಯವರೆಗಿನ ಎಲ್ಲ ಸಾಲೂ ಒಂದೇ ಕೈಬರಹದ ಓಟದಲ್ಲಿ, ಬಿಪಿ ಪ್ರತಿಸಲವೂ 120/80 ಇದ್ದರೆ ಅದನ್ನು ಸಂಜೆ ಆರಕ್ಕೆ ಕೂತು ಬರೆದಿದ್ದಾರೆ. ಆ ಪುಟದ ಫೋಟೊ ತೆಗೆದು ಮೇಲ್ವಿಚಾರಕರಿಗೆ ಅವತ್ತೇ ಕಳಿಸಿ.